ರಾಮಾಚಾರಿಯ ಸಿಟ್ಟು, ಆರ್ಟೆಮಿಸ್‌ನ ಚಿನ್ನ

ಕಥೆಯ ನಾಯಕನೇ ಕೇಡಿಗನಾದರೆ ಓದುವ ಮಕ್ಕಳು ಕೆಡುತ್ತಾರೆಯೆ? ಐರ್ಲೆಂಡಿನ ಕಾದಂಬರಿಯೊಂದು ಎಬ್ಬಿಸುವ ಈ ಪ್ರಶ್ನೆಗೆ ಚಳ್ಳಕೆರೆ ಸೀಮೆ ಬಹಳ ಹಿಂದೆಯೇ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟುಕೊಂಡಿದೆ.

ಹುಡುಗನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಹಣಕ್ಕೆ ಬರವಿಲ್ಲ, ಆದರೆ ಅದು ತಲೆಮಾರುಗಳಿಂದ ಕಳ್ಳದಾರಿಯಲ್ಲಿ ಬಂದ ಹಣ. ಅಪ್ಪ ಹಡಗಿನ ಸಮೇತ ಕಾಣೆಯಾಗಿದ್ದಾನೆ. ಅಮ್ಮ ಮನಸ್ಸಿನ ಹಿಡಿತ ತಪ್ಪಿ ಮಹಡಿಯ ಕತ್ತಲ ಕೋಣೆ ಸೇರಿದ್ದಾಳೆ. ಸದಾ ಜೊತೆಗಿರುವವನು ಬಟ್ಲರ್ ಎಂಬ ಆಜಾನುಬಾಹು ಅಂಗರಕ್ಷಕ. ಹುಡುಗ ಹೋ ಚಿ ಮಿನ್ ನಗರಕ್ಕೆ ಹೋಗಿ, ಕುಡಿತಕ್ಕೆ ಬಿದ್ದು ಹಾಳಾಗಿರುವ ಕಿನ್ನರಿಯೊಬ್ಬಳನ್ನು ಬಲೆಗೆ ಕೆಡವಿ, ನೆಲದಡಿಯ ಕಿನ್ನರಲೋಕದ ಗುಟ್ಟಿನ ಗ್ರಂಥವನ್ನು ನಕಲು ಮಾಡಿಕೊಳ್ಳುತ್ತಾನೆ. ಕಂಪ್ಯೂಟರಿನ ಮುಂದೆ ಕೂತು ಅದರ ಲಿಪಿ ಬಿಡಿಸುತ್ತಾನೆ. ಆಮೇಲೆ ಆ ಲೋಕದ ಪೊಲೀಸ್ ಪಡೆಯ ಕ್ಯಾಪ್ಟನ್ ಹಾಲಿ ಶಾರ್ಟ್ ಎಂಬಾಕೆಯನ್ನು ಅಪಹರಿಸಿ, ಬಿಡಬೇಕಾದರೆ ಒಂದು ಟನ್ ಅಪರಂಜಿ ಚಿನ್ನ ತನ್ನಿ ಎಂದು ಪಟ್ಟು ಹಿಡಿಯುತ್ತಾನೆ.

ಇದು 2001ರಲ್ಲಿ ಬಂದ ‘ಆರ್ಟೆಮಿಸ್ ಫೌಲ್’ ಕಾದಂಬರಿಯ ಕಥೆ. ಬರೆದ ಓಯಿನ್ ಕೋಲ್ಫರ್ ಐರ್ಲೆಂಡಿನ ವೆಕ್ಸ್‌ಫರ್ಡ್‌ನವರು, ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಮಕ್ಕಳ ಪುಸ್ತಕದಲ್ಲಿ ಅಪಹರಣ ಮಾಡುವವನು ಖಳ, ಬಿಡಿಸಿಕೊಂಡು ಬರುವವನು ನಾಯಕ ಎಂಬ ರೂಢಿಯನ್ನು ಅವರು ತಿರುಗಾಮುರುಗಾ ಮಾಡಿದರು. ಸರಣಿ 2012ರವರೆಗೆ ನಡೆದು ಎಂಟು ಪುಸ್ತಕಗಳಾಯಿತು.

ಮೂರು ಬಗೆಯ ಓದುಗರು

ಇಂಥ ಪುಸ್ತಕದ ಬಗ್ಗೆ ಓದುಗರ ಅಭಿಪ್ರಾಯ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಮೊದಲನೆಯವರು ಅಪ್ಪ ಅಮ್ಮಂದಿರು, ಮೇಷ್ಟ್ರುಗಳು. ಕದಿಯುವ, ಸುಳ್ಳು ಹೇಳುವ, ಹೆಂಗಸೊಬ್ಬಳನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುವ ಹುಡುಗನನ್ನು ಮಕ್ಕಳು ಮೆಚ್ಚಿಕೊಂಡರೆ ಗತಿಯೇನು ಎಂಬುದು ಅವರ ಆತಂಕ. ಎರಡನೆಯವರು ಮಕ್ಕಳು. ಅವರಿಗೆ ಹಿಡಿಸುವುದು ಹುಡುಗನ ತಲೆ. ದೊಡ್ಡವರೆಲ್ಲ ಸೇರಿದರೂ ಒಬ್ಬ ಚಿಕ್ಕವನ ಲೆಕ್ಕಾಚಾರದ ಮುಂದೆ ಮಂಕಾಗುವುದನ್ನು ನೋಡುವ ಖುಷಿ ಅವರದು. ದಿನವಿಡೀ ದೊಡ್ಡವರ ಮಾತು ಕೇಳುತ್ತಲೇ ಇರಬೇಕಾದವರಿಗೆ ಆ ಖುಷಿ ಸಣ್ಣದಲ್ಲ. ಮೂರನೆಯವರು ಸ್ವಲ್ಪ ಬೆಳೆದ, ಜಾಣ ಓದುಗರು. ಅವರ ದೂರು ಬೇರೆಯೇ: ಕೇಡಿಗ ಎಂದು ಕರೆದಿರಿ, ಆದರೆ ಪೂರ್ತಿ ಕೇಡಿಗನಾಗಲು ಬಿಡಲಿಲ್ಲವಲ್ಲ!

ಈ ಮೂರನೆಯ ದೂರಿಗೆ ಕಾರಣ ಮೊದಲ ಪುಸ್ತಕದ ಕೊನೆಯ ಭಾಗ. ಆರ್ಟೆಮಿಸ್ ಗೆದ್ದಿದ್ದಾನೆ, ಕೇಳಿದಷ್ಟೂ ಚಿನ್ನ ಮನೆಯೊಳಗೆ ಬಂದಿದೆ. ಆಗ ಅವನು ಹಾಲಿಯ ಮುಂದೆ ಹೊಸ ವ್ಯವಹಾರ ಇಡುತ್ತಾನೆ: ಅರ್ಧ ಚಿನ್ನ ವಾಪಸು ತೆಗೆದುಕೋ, ನಿನ್ನ ಮಾಯಾಶಕ್ತಿಯಿಂದ ನನ್ನ ಅಮ್ಮನ ಕಾಯಿಲೆ ವಾಸಿಮಾಡು. ಗಮನಿಸಬೇಕಾದ್ದು ಏನೆಂದರೆ, ಅವನು ಅಳುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಬೇಡುವುದೂ ಇಲ್ಲ. ಚೌಕಾಸಿ ಮಾಡುತ್ತಾನೆ. ಪ್ರೀತಿಯನ್ನೂ ವ್ಯಾಪಾರದ ಭಾಷೆಯಲ್ಲೇ ಆಡಬಲ್ಲ ಹುಡುಗ ಅವನು. ಒಳ್ಳೆಯವನಾದ ಎಂದು ಸಮಾಧಾನಪಡುವವರೂ, ಮೆತ್ತಗಾದ ಎಂದು ಗೊಣಗುವವರೂ ಈ ಚೌಕಾಸಿಯನ್ನು ಅಷ್ಟಾಗಿ ಗಮನಿಸುವುದಿಲ್ಲ. ನನಗಂತೂ ಇಡೀ ಪುಸ್ತಕದ ಜೀವ ಅಲ್ಲೇ ಇದೆ ಅನ್ನಿಸುತ್ತದೆ.

ತಳುಕಿನ ನಂಟು

ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೊರಟರೆ ದಾರಿಯಲ್ಲಿ ತಳುಕು ಸಿಗುತ್ತದೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಯಾರಿಗೆ ಅರ್ಪಿಸಿದರೋ ಆ ಗುರು ತ.ಸು. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರ ಈ ಊರಿನದು. ಅದೇ ಮನೆತನದ ಇನ್ನೊಂದು ಕುಡಿ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ತ.ರಾ.ಸು. (1920–1984). ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡವರು, ಪತ್ರಕರ್ತರಾಗಿದ್ದವರು, ದುರ್ಗದ ಪಾಳೆಯಗಾರರ ಇತಿಹಾಸವನ್ನು ಕಾದಂಬರಿಗಳ ಸಾಲಾಗಿ ಬರೆದವರು. ‘ದುರ್ಗಾಸ್ತಮಾನ’ಕ್ಕೆ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆದರೆ ಜನಸಾಮಾನ್ಯರ ಬಾಯಲ್ಲಿ ಉಳಿದದ್ದು ರಾಜರಿಗಿಂತ ಹೆಚ್ಚಾಗಿ ಒಬ್ಬ ಉಡಾಳ ಹುಡುಗ. ‘ನಾಗರಹಾವು’ ಕಾದಂಬರಿಯ ರಾಮಾಚಾರಿ. ಅದು ಮಕ್ಕಳ ಕಾದಂಬರಿಯೂ ಅಲ್ಲ, ಅದರಲ್ಲಿ ಕಿನ್ನರರೂ ಇಲ್ಲ. ಆದರೂ ಹದಿಹರೆಯದ ಕೇಡಿಗನನ್ನು ಕಥೆಯ ನಡುಮಧ್ಯೆ ಕೂರಿಸಿ, ಇವನನ್ನು ಪ್ರೀತಿಸುತ್ತೀರೋ ಇಲ್ಲವೋ ಹೇಳಿ ಎಂದು ಕನ್ನಡ ಓದುಗರನ್ನು ಕೇಳಿದ ಪುಸ್ತಕ ಯಾವುದು ಎಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಅದೇ.

‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಸಿನಿಮಾ ಮಾಡಿದರು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಷ್ ಜಲೀಲನಾಗಿ ಬಂದದ್ದು ಅದರಲ್ಲೇ. ಕಾಪಿ ಹೊಡೆದು ಸಿಕ್ಕಿಬಿದ್ದ ಅವಮಾನಕ್ಕೆ ರಾಮಾಚಾರಿ ರಾತ್ರಿ ಹೊತ್ತು ಪ್ರಿನ್ಸಿಪಾಲರ ಮನೆಗೆ ಕಲ್ಲು ತೂರಿ, ಹೊರಗೆ ಬಂದವರನ್ನು ಕಂಬಕ್ಕೆ ಕಟ್ಟಿಹಾಕುವುದು ಕನ್ನಡ ಪ್ರೇಕ್ಷಕರಿಗೆ ಬಾಯಿಪಾಠ. ಇದನ್ನು ನೋಡಿ ಎಷ್ಟು ಕಾಲೇಜುಗಳಲ್ಲಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದರು? ಹುಡುಗರು ಎತ್ತಿಕೊಂಡದ್ದು ರಾಮಾಚಾರಿಯ ನಡಿಗೆ, ಕೂದಲು, ಕಣ್ಣು ಕೆಕ್ಕರಿಸುವ ಠೀವಿ. 1991ರಲ್ಲಿ ‘ರಾಮಾಚಾರಿ’, 2014ರಲ್ಲಿ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಎಂದು ಆ ಹೆಸರು ಮತ್ತೆ ಮತ್ತೆ ಪರದೆಗೆ ಬಂತು.

ಮೂಗಿನ ತುದಿಯಲ್ಲೇ ಸಿಟ್ಟಿರುವ ಈ ಹುಡುಗನನ್ನು ಜನ ಕ್ಷಮಿಸಿದ್ದಕ್ಕೆ ಕಾರಣ ಚಾಮಯ್ಯ ಮೇಷ್ಟ್ರು. ಹೆತ್ತ ಅಪ್ಪನಿಗೂ ಬಗ್ಗದವನು ಮೇಷ್ಟ್ರ ಒಂದು ಮಾತಿಗೆ ತಲೆ ತಗ್ಗಿಸುತ್ತಾನೆ. ಮಕ್ಕಳಿಲ್ಲದ ಚಾಮಯ್ಯ, ತುಂಗಾ ದಂಪತಿಯ ಮನೆ ಅವನಿಗೆ ತನ್ನ ಮನೆಗಿಂತ ಹೆಚ್ಚು. ಆದರೆ ಕಥೆ ಅಷ್ಟಕ್ಕೆ ನಿಂತಿದ್ದರೆ ಅದು ಗುರುಭಕ್ತಿಯ ಪಾಠವಾಗುತ್ತಿತ್ತು. ತ.ರಾ.ಸು. ಹೆಚ್ಚು ನಿಷ್ಠುರರು. ಮೇಷ್ಟ್ರು ಅದೇ ಭಕ್ತಿಯನ್ನು ಬಳಸಿಕೊಂಡು, ಅವನು ಪ್ರೀತಿಸಿದ ಅಲಮೇಲುವನ್ನು ಬಿಡುವಂತೆ ಮಾಡುತ್ತಾರೆ. ಮರ್ಯಾದೆ, ಸಂಪ್ರದಾಯ, ಜಾತಿ ಎಲ್ಲವೂ ಆ ಒಳ್ಳೆಯ ಬಾಯಿಂದಲೇ ಮಾತಾಡುತ್ತವೆ. ಮುಂದೆ ಅಲಮೇಲುವಿನ ಬಾಳು ಹಾಳಾದದ್ದನ್ನು ರಾಮಾಚಾರಿ ಕಣ್ಣಾರೆ ನೋಡುತ್ತಾನೆ. ಆಮೇಲೆ ಅವನು ಪ್ರೀತಿಸಿದ ಮಾರ್ಗರೆಟ್ ವಿಷಯಕ್ಕೂ ಅದೇ ಗೋಡೆ ಎದ್ದು ನಿಂತಾಗ ಗುರು ಶಿಷ್ಯರಿಬ್ಬರೂ ಉಳಿಯುವುದಿಲ್ಲ. ಹುಡುಗ ಕೆಟ್ಟವನೋ, ಅವನನ್ನು ತಿದ್ದಲು ಹೊರಟ ಒಳ್ಳೆಯವರ ಲೆಕ್ಕ ತಪ್ಪಿತೋ ಎಂದು ಪ್ರೇಕ್ಷಕ ಇಂದಿಗೂ ವಾದಿಸುತ್ತಾನೆ.

ಆರ್ಟೆಮಿಸ್‌ಗೂ ರಾಮಾಚಾರಿಗೂ ಇರುವ ದೊಡ್ಡ ವ್ಯತ್ಯಾಸವೂ ಇಲ್ಲೇ ಇದೆ. ಬಟ್ಲರ್ ಹುಡುಗನ ಪ್ರಾಣ ಕಾಯುತ್ತಾನೆಯೇ ಹೊರತು ಕಿವಿ ಹಿಂಡುವುದಿಲ್ಲ. ಆರ್ಟೆಮಿಸ್‌ಗೆ ‘ಬೇಡ’ ಎನ್ನುವವರೇ ಇಲ್ಲ. ರಾಮಾಚಾರಿಗೆ ಹಾಗೆ ಹೇಳುವವರು ಒಬ್ಬರಿದ್ದರು, ಅವರು ತಪ್ಪಾದ ಹೊತ್ತಿನಲ್ಲಿ ಹೇಳಿದರು.

ಹಲ್ಲು ಕಿತ್ತ ಹಾವು

ಸಿನಿಮಾ ಭರ್ಜರಿಯಾಗಿ ಓಡಿತು. ಆದರೆ ತ.ರಾ.ಸು. ಅವರಿಗೆ ಅದು ತೃಪ್ತಿ ಕೊಡಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರು ಎಂಬ ಮಾತು ಸಾಹಿತ್ಯ ಮತ್ತು ಸಿನಿಮಾ ಬಲ್ಲವರ ನಡುವೆ ಇಂದಿಗೂ ಓಡಾಡುತ್ತದೆ. ನಮಗೆ ಪುಟ್ಟಣ್ಣನವರ ರಾಮಾಚಾರಿಯೇ ಸಾಕಷ್ಟು ವಿಷದ ಹಾವು. ಆದರೆ ಪುಸ್ತಕ ಓದಿದವರು, ಬರೆದವರು ಪಾತ್ರದ ಅಳತೆಯನ್ನು ಬೇರೆ ಕೋಲಿನಲ್ಲಿ ಅಳೆಯುತ್ತಾರೆ.

ಇದೇ ಜಗಳ 2020ರಲ್ಲಿ ಇನ್ನೊಂದು ಕಡೆ ನಡೆಯಿತು. ಡಿಸ್ನಿ ಸಂಸ್ಥೆ ‘ಆರ್ಟೆಮಿಸ್ ಫೌಲ್’ ಅನ್ನು ಕೆನೆತ್ ಬ್ರಾನಾ ನಿರ್ದೇಶನದಲ್ಲಿ ಸಿನಿಮಾ ಮಾಡಿ ಒಟಿಟಿಗೆ ಬಿಟ್ಟಿತು. ಪುಸ್ತಕದ ಹುಡುಗ ಬಿಸಿಲು ಕಾಣದ, ಆಟೋಟ ಅಂದರೆ ಮೂಗು ಮುರಿಯುವ, ಮುಖ ಬಿಳಚಿಕೊಂಡ ಲೆಕ್ಕಾಚಾರಿ. ಸಿನಿಮಾದ ಹುಡುಗ ಮೊದಲಿಗೇ ಸಮುದ್ರದ ಅಲೆಗಳ ಮೇಲೆ ಹಲಗೆ ಹತ್ತಿ ಆಡುತ್ತಾನೆ. ಚಿನ್ನದಾಸೆಯ ಜಾಗಕ್ಕೆ ಅಪಹೃತನಾದ ಅಪ್ಪನನ್ನು ಬಿಡಿಸಿಕೊಳ್ಳುವ ಕರ್ತವ್ಯ ಬಂತು. ಅಮ್ಮನ ಕಾಯಿಲೆಯ ಎಳೆಯೇ ಮಾಯವಾಯಿತು, ಜೊತೆಗೆ ಆ ಅರ್ಧ ಚಿನ್ನದ ಚೌಕಾಸಿಯೂ ಹೋಯಿತು. ಪುಸ್ತಕ ಓದಿ ಬೆಳೆದವರು ಸಿಡಿದೆದ್ದರು. ಮಗುವನ್ನು ಕೇಡಿಗನನ್ನಾಗಿ ತೋರಿಸಿದಿರಿ ಎಂದು ಯಾರೂ ಬೈಯಲಿಲ್ಲ. ಯಾಕೆ ಒಳ್ಳೆಯವನನ್ನಾಗಿ ಮಾಡಿದಿರಿ ಎಂದು ಬೈದರು.

ಡಿಸ್ನಿಗೆ ಈ ಚಾಳಿ ಹೊಸದಲ್ಲ. ಇಟಲಿಯ ಕಾರ್ಲೊ ಕೊಲೋದಿ 1881ರಲ್ಲಿ ಮಕ್ಕಳ ವಾರಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದ ‘ಪಿನೋಕಿಯೊ’ದ ಮರದ ಗೊಂಬೆ ಶುದ್ಧ ಪುಂಡ. ಬುದ್ಧಿ ಹೇಳಲು ಬಂದ ಜೀರುಂಡೆಗೆ ಸುತ್ತಿಗೆ ಎಸೆದು ಕೊಂದೇ ಬಿಡುತ್ತಾನೆ. ಕೊಲೋದಿ ಮೊದಲು ಹದಿನೈದನೆಯ ಅಧ್ಯಾಯಕ್ಕೆ ಕಥೆ ಮುಗಿಸಿದ್ದರು. ಗೊಂಬೆಯನ್ನು ಕಳ್ಳರು ಮರಕ್ಕೆ ನೇಣು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಓದುವ ಮಕ್ಕಳು ಒಪ್ಪಲಿಲ್ಲ, ಮುಂದುವರಿಸಿ ಎಂದು ದುಂಬಾಲು ಬಿದ್ದರು. 1882ರಲ್ಲಿ ಕಥೆ ಮತ್ತೆ ಶುರುವಾಯಿತು, 1883ರಲ್ಲಿ ಪುಸ್ತಕವಾಯಿತು. ಪುಂಡನಿಗೆ ಶಿಕ್ಷೆಯಾಗಲಿ, ಆದರೆ ಸಾಯುವುದು ಬೇಡ ಎಂಬುದು ಆ ಮಕ್ಕಳ ತೀರ್ಪು. 1940ರ ಡಿಸ್ನಿ ಸಿನಿಮಾದಲ್ಲಿ ಜೀರುಂಡೆ ಸಾಯುವುದಿಲ್ಲ, ಬದಲಿಗೆ ಉದ್ದಕ್ಕೂ ಬುದ್ಧಿ ಹೇಳುತ್ತಾ ಗೊಂಬೆಯ ಜೊತೆಯೇ ಓಡಾಡುತ್ತದೆ.

ದೊಡ್ಡವರ ಭಯ ಇದಕ್ಕಿಂತ ಒರಟಾಗಿಯೂ ಕೆಲಸ ಮಾಡಿದ್ದುಂಟು. ಮಾರ್ಕ್ ಟ್ವೈನ್ ಬರೆದ ‘ಹಕಲ್‌ಬರಿ ಫಿನ್’ ಅನ್ನು 1885ರಲ್ಲಿ ಅಮೆರಿಕದ ಕಾನ್ಕರ್ಡ್ ಊರಿನ ಸಾರ್ವಜನಿಕ ಗ್ರಂಥಾಲಯ ಕಪಾಟಿನಿಂದ ತೆಗೆದುಹಾಕಿತು. ಸುಳ್ಳು ಹೇಳುವ, ಕದಿಯುವ, ಮನೆಬಿಟ್ಟು ಓಡಿಹೋದ ಪೋಲಿ ಹುಡುಗನ ಭಾಷೆ ಮಕ್ಕಳಿಗೆ ಹೇಸಿಗೆ ಎಂಬುದು ಅವರ ವಾದ. ಆ ಹುಡುಗ ಹೇಳುವ ದೊಡ್ಡ ಸುಳ್ಳುಗಳಲ್ಲಿ ಒಂದು, ಓಡಿಹೋಗುತ್ತಿರುವ ಗುಲಾಮನೊಬ್ಬನನ್ನು ಹಿಡಿಯಲು ಬಂದವರಿಗೆ ಹೇಳಿದ್ದು. ಕಪಾಟು ಖಾಲಿ ಮಾಡಿದವರಿಗೆ ಸುಳ್ಳು ಕಂಡಿತು, ಅದು ಯಾರನ್ನು ಉಳಿಸಿತು ಎನ್ನುವುದು ಕಾಣಲಿಲ್ಲ.

ಹಟ್ಟಿಯ ಕಥೆಗಳಿಗೆ ಈ ಭಯವಿಲ್ಲ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಪುಸ್ತಕ ಬರುವ ಮೊದಲೇ ಕಥೆ ಇತ್ತು. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ, ಮ್ಯಾಸಬೇಡರ ಹಟ್ಟಿಗಳಲ್ಲಿ ಗಾದ್ರಿಪಾಲನಾಯಕನ ಕಾವ್ಯ. ಜುಂಜಪ್ಪನ ಕಥೆ ಹೇಳುವಾಗ ಊದುವುದು ಗಣೆ ಎಂಬ ಉದ್ದನೆಯ ಬಿದಿರ ಕೊಳಲು. ಕಥೆಯಲ್ಲಿ ದನ ಕಾಯುವ ವೀರನಿದ್ದಾನೆ, ಪವಾಡಗಳಿವೆ. ಜೊತೆಗೆ ಸೋದರಮಾವಂದಿರ ಹಗೆಯಿದೆ, ಸಂಚಿದೆ, ಕೊನೆಗೆ ವಿಷವಿದೆ. ಸ್ವಂತ ಮಾವಂದಿರೇ ವಿಷ ಹಾಕುವ ಕಥೆಯನ್ನು ಮಕ್ಕಳು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಾ ಬೆಳೆದಿದ್ದಾರೆ. ಮಲಗುವ ಹೊತ್ತಿಗೆ ಇಂಥದ್ದು ಬೇಡ ಎಂದು ಯಾರೂ ಅಲ್ಲಿ ಕಥೆ ಕತ್ತರಿಸಲಿಲ್ಲ. ಸೋದರಮಾವ ಎಂದರೆ ಕೈಹಿಡಿದು ಜಾತ್ರೆಗೆ ಕರೆದೊಯ್ಯುವವನು ಎಂದು ತಿಳಿದ ಮಗುವಿಗೆ, ಅದೇ ಸೋದರಮಾವ ಕೊಲ್ಲಲೂಬಹುದು ಎಂದು ಕಥೆ ಹೇಳುತ್ತದೆ. ಮಗು ಎರಡನ್ನೂ ಅರಗಿಸಿಕೊಳ್ಳುತ್ತದೆ.

ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಅವರ ಬಾಯಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪುಸ್ತಕ ಮಾಡಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಇಂಥ ಹಾಡುಗಾರ್ತಿಯರ ಪರಂಪರೆಯಲ್ಲಿ ಕಥೆ ಕೇಳಲು ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಎಂಬ ಎರಡು ಕೋಣೆಗಳಿರಲಿಲ್ಲ.

ಓದಿದವರ ಮನೆಗಳಲ್ಲೂ ಕಥೆಗಳು ನಾವು ಅಂದುಕೊಂಡಷ್ಟು ಮೃದುವಲ್ಲ. ಚಿತ್ರದುರ್ಗ ಜಿಲ್ಲೆಯ ಯಾವ ಮಗುವನ್ನಾದರೂ ಕೇಳಿ, ಒನಕೆ ಓಬವ್ವ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರ ತಲೆಯೊಡೆದು ಹೆಣ ಎಳೆದು ಹಾಕಿದ್ದನ್ನು ಅಭಿನಯಿಸಿ ತೋರಿಸುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಪುಟ್ಟ ಹುಡುಗಿ ಕಚ್ಚೆ ಕಟ್ಟಿ ಒನಕೆ ಎತ್ತಿದರೆ ಮುಂದಿನ ಸಾಲಿನ ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ. ಹಿಂಸೆ ಕಲಿಯುತ್ತಾಳೆಂದು ಯಾರೂ ಹೆದರುವುದಿಲ್ಲ. ಕಾರಣ, ಅವಳು ಯಾಕೆ ಎತ್ತಿದಳು ಎಂಬುದು ಮಗುವಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ನಮಗಿದೆ. ಅದೇ ನಂಬಿಕೆ ಪುಸ್ತಕದ ಕಪಾಟಿನ ಮುಂದೆ ನಿಂತಾಗ ಎಲ್ಲಿ ಹೋಗುತ್ತದೆ?

ಬಯಲಾಟದ ರಂಗದಲ್ಲೂ ಅಷ್ಟೆ. ಕೌರವನ ಪಾತ್ರ ಕಿರೀಟ ಭುಜಕೀರ್ತಿ ಕಟ್ಟಿ ಅಬ್ಬರಿಸುತ್ತಾ ಬಂದಾಗ ಮುಂದೆ ಕೂತ ಮಕ್ಕಳ ನಿದ್ದೆ ಹಾರುತ್ತದೆ. ಅವನ ಠೇಂಕಾರ ಅವರಿಗೆ ಇಷ್ಟ. ಬೆಳಗಿನ ಜಾವ ಅವನ ತೊಡೆ ಮುರಿದಾಗ ಅದೂ ಸರಿಯೇ ಅನ್ನಿಸುತ್ತದೆ.

ಮಕ್ಕಳು ನೋಡುವುದು ಲೆಕ್ಕವನ್ನು

ಕೇಡಿಗ ನಾಯಕನನ್ನು ಮೆಚ್ಚುವ ಮಕ್ಕಳು ಅವನ ಕೇಡನ್ನು ಮೆಚ್ಚುತ್ತಾರೆ ಎನ್ನುವುದು ದೊಡ್ಡವರ ಊಹೆ. ಮಕ್ಕಳು ಕಥೆಯಲ್ಲಿ ಹುಡುಕುವುದು ಬೇರೆ ಮೂರು ಸಂಗತಿ. ಅವನು ಜಾಣನೆ? ಅವನನ್ನು ಪ್ರೀತಿಸುವವರು ಯಾರಾದರೂ ಇದ್ದಾರೆಯೆ? ಮಾಡಿದ್ದಕ್ಕೆ ಲೆಕ್ಕ ಚುಕ್ತಾ ಆಯಿತೆ? ಮೂರನೆಯದರಲ್ಲಿ ಅವರು ದೊಡ್ಡವರಿಗಿಂತ ಕಟ್ಟುನಿಟ್ಟು. ಆಟದಲ್ಲಿ ಔಟಾದವನು ಬ್ಯಾಟ್ ಬಿಡದಿದ್ದರೆ ಇಡೀ ಓಣಿ ಎದ್ದು ನಿಲ್ಲುತ್ತದಲ್ಲ! ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಈ ಸೀಮೆಯ ಜನ ದಿನವೂ ಆಡುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತಿನ ಹಿಂದಿರುವುದೂ ಇದೇ ಲೆಕ್ಕ. ಮಾಡಿದ್ದಕ್ಕೆ ತಕ್ಕಷ್ಟು ಸಿಗಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆರ್ಟೆಮಿಸ್‌ನ ಅರ್ಧ ಚಿನ್ನ ವಾಪಸು ಹೋದಾಗ ಮಕ್ಕಳಿಗೆ ಸಮಾಧಾನವಾಗುವುದು ಅದಕ್ಕೇ. ಅವನು ಪೂರ್ತಿ ಸೋತಿದ್ದರೆ ಅವನ ಜಾಣತನಕ್ಕೆ ಅನ್ಯಾಯ, ಪೂರ್ತಿ ಗೆದ್ದಿದ್ದರೆ ಹಾಲಿಗೆ ಅನ್ಯಾಯ. ನೇಣುಗಂಬದ ಪಿನೋಕಿಯೊನನ್ನು ಇಟಲಿಯ ಮಕ್ಕಳು ಒಪ್ಪದೆ ಇದ್ದದ್ದೂ ತಪ್ಪಿಗಿಂತ ಶಿಕ್ಷೆ ದೊಡ್ಡದಾಯಿತು ಎಂದೇ. ರಾಮಾಚಾರಿಯ ಕಥೆ ಮುಗಿದ ಮೇಲೂ ಜನರ ಮನಸ್ಸು ಕಲಕಿದ್ದು, ಅಲ್ಲಿ ಬೆಲೆ ತೆತ್ತವರು ತಪ್ಪು ಮಾಡಿದವರಷ್ಟೇ ಅಲ್ಲ ಎಂಬ ಕಾರಣಕ್ಕೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಮಕ್ಕಳ ಕಪಾಟಿನಲ್ಲಿ ಕೊರತೆ ಇದೆ. ಕನ್ನಡದಲ್ಲಿ ಮಕ್ಕಳ ಕಾದಂಬರಿ ಈಗ ಚುರುಕಾಗಿದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ 2021ರ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ 2023ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಪುರಸ್ಕಾರ ಬಂದಿವೆ. ಓಡಿಹೋದ ಹುಡುಗನ ಹೆಸರಿನ ಪುಸ್ತಕಕ್ಕೆ ರಾಷ್ಟ್ರಮಟ್ಟದ ಪುರಸ್ಕಾರ ಬಂತೆಂದರೆ ಶಿಸ್ತಿನ ಬೇಲಿ ಒಂದಿಷ್ಟು ಸಡಿಲವಾಗಿದೆ ಎಂದೇ ಅರ್ಥ. ಆದರೂ ನಮ್ಮ ಮಕ್ಕಳ ಪುಸ್ತಕದ ಹುಡುಗ ಹೆಚ್ಚೆಂದರೆ ತುಂಟ. ಮಾವಿನಕಾಯಿ ಕದಿಯುತ್ತಾನೆ, ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಕೊನೆಯ ಪುಟದ ಹೊತ್ತಿಗೆ ತಿದ್ದಿಕೊಳ್ಳುತ್ತಾನೆ. ನಿಜವಾಗಿ ಯಾರಿಗಾದರೂ ಕೆಡುಕು ಮಾಡಿ, ಅದರ ಭಾರ ಹೊತ್ತು, ಓದುಗನ ಪ್ರೀತಿಯನ್ನೂ ಉಳಿಸಿಕೊಳ್ಳುವ ಹುಡುಗ ಅಥವಾ ಹುಡುಗಿ ಅಪರೂಪ. ಪಠ್ಯಪುಸ್ತಕದ ನೆರಳು ಕಥೆಯ ಮೇಲೆ ಬಿದ್ದಿದೆ. ‘ಈ ಕಥೆಯ ನೀತಿ ಏನು’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುವ ಹಾಗೆಯೇ ಅನೇಕರು ಬರೆಯುತ್ತಾರೆ.

2020ರ ನವೆಂಬರಿನಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅವು ಈಗ ಅರಿವು ಕೇಂದ್ರಗಳಾಗಿವೆ. ಮಹಾಪುರುಷರ ಜೀವನಚರಿತ್ರೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಒಬ್ಬ ಕಿಲಾಡಿ ನಾಯಕನಿಗೂ ಜಾಗ ಕೊಡುವುದು ಕಷ್ಟವಲ್ಲ. ಕಷ್ಟ ಇರುವುದು ಓದಿದ ಮೇಲಿನ ಮಾತಿನಲ್ಲಿ. ನೀತಿ ಏನು ಎಂದು ಕೇಳಿದರೆ ಮಗು ನಮಗೆ ಬೇಕಾದ ಉತ್ತರ ಒಪ್ಪಿಸಿ ಪಾರಾಗುತ್ತದೆ. ಅದರ ಬದಲು, ಅವನು ಮಾಡಿದ್ದಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳಿ. ಹಾಲಿ ಶಾರ್ಟ್ ಎಂದು ಒಬ್ಬ ಅನ್ನಬಹುದು, ಅಮ್ಮ ಎಂದು ಇನ್ನೊಬ್ಬಳು ಅನ್ನಬಹುದು. ರಾಮಾಚಾರಿಯ ಕಥೆಯಾದರೆ ಚಾಮಯ್ಯ, ಅಲಮೇಲು, ಮಾರ್ಗರೆಟ್ ಎಂದು ಜಗಳವೇ ಹತ್ತಬಹುದು. ಹತ್ತಲಿ. ಒಳ್ಳೆಯ ಹುಡುಗನ ಕಥೆ ಓದಿ ಮಕ್ಕಳು ಹೀಗೆ ಜಗಳ ಆಡುವುದಿಲ್ಲ. ಕೇಡಿಗನ ಕಥೆಯಿಂದ ಅವರಿಗೆ ಸಿಗುವ ದೊಡ್ಡ ಲಾಭ ನ್ಯಾಯದ ಬಗ್ಗೆ ತಾವೇ ಮಾತಾಡುವ ಈ ಅವಕಾಶ.